ಸದ್ದು ಕೇಳಿಸುತ್ತೆ, ಮಾತು ಯಾಕೆ ತಿಳಿಯೋದಿಲ್ಲ?

ಪ್ರಶ್ನೆ: ನಮ್ಮ ತಂದೆಗೆ ಎಪ್ಪತ್ತು ದಾಟಿದೆ. ಮೆಲ್ಲಗೆ ಮಾತಾಡಿದರೆ "ಏನು?" ಅಂತಾರೆ, ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯ?" ಅಂತ ರೇಗುತ್ತಾರೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಮಾತ್ರ ತಕ್ಷಣ ಗೊತ್ತಾಗುತ್ತೆ. ಬೇಕಂತಲೇ ಹೀಗೆ ಮಾಡ್ತಾರಾ?

ಉತ್ತರ: ಖಂಡಿತ ಇಲ್ಲ. ಅವರು ಹೇಳುವ ಎರಡೂ ಮಾತು ನಿಜ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಪುಟ್ಟ ಸುರುಳಿಯಿದೆ. ಅದರಲ್ಲಿ ಸದ್ದನ್ನು ಗ್ರಹಿಸುವ, ಕೂದಲಿನಂಥ ಎಳೆಗಳಿರುವ ಸುಮಾರು 15,000 ರೋಮಕೋಶಗಳಿರುತ್ತವೆ. ಸುರುಳಿಯ ಬುಡದಲ್ಲಿರುವವು ಕೀರಲು ಸದ್ದನ್ನು, ತುದಿಯಲ್ಲಿರುವವು ದಪ್ಪ ಸದ್ದನ್ನು ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಹಾಳಾಗುವುದು ಬುಡದವು. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಮಾತಿಗೆ ಪೆಟ್ಟು ಬೀಳುವುದು ಇಲ್ಲೇ. ಅ, ಆ, ಒ ಮುಂತಾದ ಸ್ವರಗಳಿಗೆ ಕಸುವು ಜಾಸ್ತಿ, ಅವು ದಪ್ಪ ಸದ್ದುಗಳು. ಸ, ಶ, ತ, ಕ ಮುಂತಾದ ವ್ಯಂಜನಗಳು ಮೆಲುವಾದವು, ಹೆಚ್ಚಾಗಿ 2,000 ಹರ್ಟ್ಸ್‌ಗಿಂತ (ಅಂದರೆ ಸೆಕೆಂಡಿಗೆ 2,000 ಕಂಪನಗಳಿಗಿಂತ) ಮೇಲಿನ ಕೀರಲು ಸದ್ದುಗಳು. ನೀವು "ತಟ್ಟೆ ಕೊಡಿ" ಅಂದಾಗ ತಂದೆಗೆ "ಅಟ್ಟೆ" ಎನ್ನುವಂಥದ್ದೇನೋ ಕೇಳಿಸಿರುತ್ತದೆ. ಅದು ತಟ್ಟೆಯೋ, ಕಟ್ಟೆಯೋ, ಬಟ್ಟೆಯೋ ಎಂದು ಮಿದುಳು ಊಹಿಸಬೇಕು. ಅಷ್ಟರಲ್ಲಿ ನೀವು ಮುಂದಿನ ಮಾತಿಗೆ ಹೋಗಿರುತ್ತೀರಿ. ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆಯಂತೂ ಈ ಊಹೆಯೇ ಅವರನ್ನು ಸುಸ್ತು ಮಾಡಿಬಿಡುತ್ತದೆ.

ಕಿರುಚಿದರೆ ಏರುವುದು ಮುಖ್ಯವಾಗಿ ಸ್ವರಗಳೇ, ಕಳೆದುಹೋದ ವ್ಯಂಜನಗಳಲ್ಲ. ಮೇಲಾಗಿ, ಸದ್ದಿನ ಏರಿಳಿತವನ್ನು ಹದ ಮಾಡುವ ಕೋಶಗಳೂ ಹಾಳಾಗಿರುವುದರಿಂದ, ಸ್ವಲ್ಪ ದನಿ ಏರಿಸಿದರೂ ಕಿವಿಗೆ ಬಡಿದಂತಾಗುತ್ತದೆ.

ಹಿಂದಿನಿಂದ ಬರುವ ವಾಹನದ ಹಾರ್ನ್, ಕುಕ್ಕರ್ ಸೀಟಿ ಕೇಳದಿದ್ದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಆದರೆ ದಿನನಿತ್ಯದ ಬದುಕಿನಲ್ಲಿ ಅದಕ್ಕಿಂತ ದೊಡ್ಡ ನಷ್ಟ ಸಣ್ಣಪುಟ್ಟ ಮಾತುಗಳದ್ದು ಅಂತ ನನಗನ್ನಿಸುತ್ತದೆ. ಮುಖ್ಯ ವಿಷಯವನ್ನು ಮನೆಯವರು ಎರಡು ಸಲ ಹೇಳುತ್ತಾರೆ. ತಮಾಷೆಯನ್ನು, ಮೊಮ್ಮಗಳ ಪಿಸುಮಾತನ್ನು ಯಾರೂ ಎರಡು ಸಲ ಹೇಳುವುದಿಲ್ಲ. "ಏನಿಲ್ಲ ಬಿಡಿ" ಅಂದುಬಿಡುತ್ತಾರೆ. ದಯವಿಟ್ಟು ಆ ಮಾತು ಆಡಬೇಡಿ. ಹಿರಿಯರು ಮಾತುಕತೆಯಿಂದ ಮೆಲ್ಲನೆ ದೂರ ಸರಿಯುವುದು ಹೀಗೇ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬಗ್ಗೆ 2020ರಲ್ಲಿ ಬಂದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿ, ತಗ್ಗಿಸಬಹುದಾದ ಅಪಾಯಗಳಲ್ಲಿ ಶ್ರವಣದೋಷವನ್ನೂ ಸೇರಿಸಿದೆ.

ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಗುಗ್ಗೆ ಕಟ್ಟಿಕೊಂಡಿರುವುದಷ್ಟೇ ಕಾರಣವಾಗಿರುತ್ತದೆ. ಅದಲ್ಲದಿದ್ದರೆ ಆಡಿಯೋಗ್ರಾಂ ಪರೀಕ್ಷೆಯಲ್ಲಿ ಯಾವ ಸದ್ದು ಎಷ್ಟು ಕಡಿಮೆಯಾಗಿದೆ ಎಂದು ತಿಳಿಯುತ್ತದೆ. ಶ್ರವಣಸಾಧನವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಮೊದಲ ಕೆಲವು ವಾರ ಎಲ್ಲ ಸದ್ದೂ ಕಿರಿಕಿರಿಯೇ. ಮಿದುಳು ಒಗ್ಗಿಕೊಳ್ಳುವವರೆಗೆ ಬಿಡದೆ ಹಾಕಿಕೊಳ್ಳಬೇಕು.

ಮಾತಾಡುವಾಗ ಟಿವಿ ಆರಿಸಿ, ಎದುರಿಗೆ ಕುಳಿತು, ಬಿಡಿಸಿ ಹೇಳಿ. ತಿಳಿಯದಿದ್ದರೆ ಅದೇ ವಾಕ್ಯವನ್ನು ಜೋರಾಗಿ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ.

ಇನ್ನೊಂದು ಮಾತು: ಒಂದೆರಡು ದಿನದಲ್ಲೇ ಒಂದು ಕಿವಿ ಹಠಾತ್ತನೆ ಮಂದವಾದರೆ ಅದು ವಯಸ್ಸಿನದ್ದಲ್ಲ, ತುರ್ತು ಸಮಸ್ಯೆ. ಅಂದೇ ವೈದ್ಯರ ಬಳಿ ಹೋಗಿ. ಚಿಕಿತ್ಸೆ ತಡವಾದಷ್ಟೂ ಕಿವಿ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ.