ಕ್ಯಾಂಪಸ್ ಹತ್ತಿರ ಮನೆ ಹಿಡಿಯಲಾ, ದೂರ ಹೋಗಲಾ?

ಓದುಗರ ಪ್ರಶ್ನೆ: ಎಂ.ಎಸ್ಸಿ ಸೇರಲು ಬೇರೆ ಊರಿಗೆ ಹೋಗುತ್ತಿದ್ದೇನೆ. ಇಡೀ ಊರು ಯೂನಿವರ್ಸಿಟಿಯ ಸುತ್ತಲೇ ಬೆಳೆದಿದೆಯಂತೆ. ಕ್ಯಾಂಪಸ್ ಪಕ್ಕದಲ್ಲಿ ಬಾಡಿಗೆ ಜಾಸ್ತಿ, ದೂರ ಹೋದಷ್ಟೂ ಕಡಿಮೆ. ನನಗೆ ಅಲ್ಲಿ ಯಾರೂ ಗೊತ್ತಿಲ್ಲ. ಯಾವ ಏರಿಯಾ ಒಳ್ಳೆಯದು ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ನಾನೇ ನಿಮ್ಮನ್ನೊಂದು ಮಾತು ಕೇಳುತ್ತೇನೆ. ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ವಾಪಸ್ ಬರುತ್ತೀರಿ?

ಮನೆ ಹುಡುಕುವಾಗ ಎಲ್ಲರೂ ಬೆಳಗಿನ ಲೆಕ್ಕ ಹಾಕುತ್ತಾರೆ. 9 ಗಂಟೆಯ ಕ್ಲಾಸಿಗೆ ಎಷ್ಟು ಹೊತ್ತಿಗೆ ಹೊರಡಬೇಕು, ಬಸ್ಸು ಸಿಗುತ್ತಾ, ಇಷ್ಟೇ. ಆದರೆ ಬೆಳಿಗ್ಗೆ ಹೋಗುವುದು ಅಷ್ಟು ಕಷ್ಟವಲ್ಲ. ಬಸ್ಸು ಜಾಸ್ತಿ ಇರುತ್ತವೆ, ದಾರಿಯಲ್ಲಿ ಜನ ಇರುತ್ತಾರೆ. ಕಷ್ಟ ಇರುವುದು ರಾತ್ರಿ ಬರುವುದರಲ್ಲಿ. ಲ್ಯಾಬಿನಲ್ಲಿ ಪ್ರಯೋಗವನ್ನು ಅರ್ಧಕ್ಕೆ ಬಿಟ್ಟು ಏಳೋಕಾಗಲ್ಲ. ಪರೀಕ್ಷೆ ಹತ್ತಿರ ಬಂದಾಗ ಲೈಬ್ರರಿ ಮುಚ್ಚುವ ತನಕ ಕೂರುತ್ತೀರಿ. ಅಷ್ಟರಲ್ಲಿ ಕೊನೆಯ ಬಸ್ಸು ಹೋಗಿಬಿಟ್ಟಿದ್ದರೆ, ಬಾಡಿಗೆಯಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಬಸ್ಸು ತಪ್ಪೀತು ಅಂತ ದಿನಾ ಒಂದು ಗಂಟೆ ಮೊದಲೇ ಪುಸ್ತಕ ಮುಚ್ಚುವುದು ಅಭ್ಯಾಸವಾಗಿಬಿಡುತ್ತದೆ. ಓದೋಕೆ ಅಂತಲೇ ಊರು ಬಿಟ್ಟು ಬಂದವರಿಗೆ ಇದು ಸಣ್ಣ ವಿಷಯವಲ್ಲ.

ಆದ್ದರಿಂದ ಬಾಡಿಗೆ ಕೇಳುವ ಮುಂಚೆ ಆ ಏರಿಯಾಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ನೋಡಿ. ಭಾನುವಾರದ್ದನ್ನೂ ನೋಡಿ. ಇನ್ನೊಂದು ವಿಷಯ: ಕಾಲೇಜು ಊರುಗಳಲ್ಲಿ ಎಷ್ಟೋ ಕಡೆ ಸೆಮಿಸ್ಟರ್ ನಡೆಯುವಾಗ ಒಂದು ವೇಳಾಪಟ್ಟಿ, ರಜೆಯಲ್ಲಿ ಇನ್ನೊಂದು. ಪ್ರಾಜೆಕ್ಟ್ ಮಾಡುವವರು ರಜೆಯಲ್ಲೂ ಅಲ್ಲೇ ಇರಬೇಕಾಗುತ್ತದೆ ಅಲ್ವಾ? ಹಾಗಾಗಿ ಎರಡನ್ನೂ ನೋಡಿಕೊಳ್ಳಿ.

ಈಗ ದೂರದ ಲೆಕ್ಕ. ಸಾಧಾರಣ ನಡಿಗೆಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ಹೋಗಬಹುದು. ಅಂದರೆ 1 ಕಿಲೋಮೀಟರಿಗೆ 12 ನಿಮಿಷ, 2 ಕಿಲೋಮೀಟರಿಗೆ 25 ನಿಮಿಷದ ಒಳಗೆ. ಅದೇ 2 ಕಿಲೋಮೀಟರಿಗೆ ಬಸ್ಸು ಹಿಡಿದರೆ ಸ್ಟಾಪಿನ ತನಕ ನಡೆಯಬೇಕು, ಕಾಯಬೇಕು, ಇಳಿದು ಮತ್ತೆ ನಡೆಯಬೇಕು. ಎಲ್ಲ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಸೈಕಲ್ ಇದ್ದರೆ 8–10 ನಿಮಿಷ ಸಾಕು. ನನ್ನ ಪ್ರಕಾರ 2 ಕಿಲೋಮೀಟರ್ ಒಳಗಿನ ಏರಿಯಾ ಅಂದರೆ ಬಸ್ಸಿನ ಹಂಗಿಲ್ಲದ ಏರಿಯಾ. ಅದರಿಂದಾಚೆ 5ರ ತನಕ ಸೈಕಲ್ ನಡೆಯುತ್ತದೆ, ರಸ್ತೆ ತೀರಾ ಏರು ಇಲ್ಲದಿದ್ದರೆ. ಇನ್ನೂ ಆಚೆ ಹೋದರೆ ಬಸ್ಸು ಹೇಳಿದಂತೆ ನೀವು ಕೇಳಬೇಕು.

ಅಳೆಯುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಕ್ಯಾಂಪಸ್ಸಿನ ಗೇಟಿನಿಂದ ಅಳೆಯುತ್ತಾರೆ. ದೊಡ್ಡ ಕ್ಯಾಂಪಸ್ಸುಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೇ 2–3 ಕಿಲೋಮೀಟರ್ ಇರುತ್ತದೆ. ನೀವು ದಿನಾ ಹೋಗಿ ಕೂರುವ ಡಿಪಾರ್ಟ್‌ಮೆಂಟ್ ಕಟ್ಟಡ ಯಾವುದು ಅಂತ ತಿಳಿದುಕೊಂಡು, ಅದರ ಬಾಗಿಲಿನಿಂದ ಅಳೆಯಿರಿ. ಹಾಗೆ ಅಳೆದಾಗ, ಕ್ಯಾಂಪಸ್ಸಿನ ಹಿಂಬದಿಯಲ್ಲಿರುವ, ಯಾರೂ ಹೆಸರು ಹೇಳದ ಬಡಾವಣೆಯೇ ನಿಮಗೆ ಹತ್ತಿರ ಅಂತ ಗೊತ್ತಾಗಬಹುದು. ಅಲ್ಲಿ ಬಾಡಿಗೆಯೂ ಕಡಿಮೆ ಇದ್ದೀತು.

ಬಾಡಿಗೆಯ ವ್ಯತ್ಯಾಸವನ್ನು ಹೀಗೆ ತೂಗಿ ನೋಡಿ. ದೂರದ ಮನೆಯಿಂದ ಹೋಗೋಕೆ 25, ಬರೋಕೆ 25 ನಿಮಿಷ ಜಾಸ್ತಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 50 ನಿಮಿಷ. ವರ್ಷಕ್ಕೆ 200 ದಿನ ಓಡಾಡಿದರೆ ಸುಮಾರು 167 ಗಂಟೆ. ಒಂದು ವರ್ಷದಲ್ಲಿ ಬಾಡಿಗೆ ಎಷ್ಟು ಉಳಿಯುತ್ತದೆಯೋ ಅದರಲ್ಲಿ ಓಡಾಟದ ಖರ್ಚು ಕಳೆಯಿರಿ. ಮಿಕ್ಕಿದ್ದನ್ನು 167ರಿಂದ ಭಾಗಿಸಿ. ಬಂದ ಹಣಕ್ಕೆ ನಿಮ್ಮ ಒಂದು ಗಂಟೆ ಕೊಡೋಕೆ ಮನಸ್ಸಿದೆಯಾ? ಇದೆ ಅಂದರೆ ಧೈರ್ಯವಾಗಿ ದೂರ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಕೈಯಲ್ಲಿ ಹಣ ಇಲ್ಲದಾಗ ಹತ್ತಿರದ ಮನೆಗೋಸ್ಕರ ಸಾಲ ಮಾಡುವುದು ಬೇಡ.

ಅಂದಹಾಗೆ, ಬಾಡಿಗೆಯ ಈ ಸಂಕಟ ನಮ್ಮ ಕಾಲದ್ದಲ್ಲ. 1209ರಲ್ಲಿ ಆಕ್ಸ್‌ಫರ್ಡ್ ಊರಿನವರಿಗೂ ಅಲ್ಲಿ ಓದುವವರಿಗೂ ದೊಡ್ಡ ಜಗಳವಾಗಿ, ಓದುವವರು ಊರನ್ನೇ ಬಿಟ್ಟು ಹೋಗಿದ್ದರು. 1214ರಲ್ಲಿ ಪೋಪ್ ಪ್ರತಿನಿಧಿ ರಾಜಿ ಮಾಡಿಸಿದಾಗ ಹಾಕಿದ ಒಂದು ಷರತ್ತು ಏನು ಗೊತ್ತಾ? 10 ವರ್ಷ ವಿದ್ಯಾರ್ಥಿಗಳಿಂದ ಅರ್ಧ ಬಾಡಿಗೆ ಮಾತ್ರ ತೆಗೆದುಕೊಳ್ಳಬೇಕು ಅಂತ.

ಇನ್ನು ಗಲಾಟೆಯ ವಿಷಯ. ಕಾಲೇಜು ಊರಿಗೆ ಎರಡು ಮುಖ. ನಾನು ಒಮ್ಮೆ ರಜೆಯಲ್ಲಿ ಹೋಗಿ ಮನೆ ನೋಡಿ ಬಂದಿದ್ದೆ. ಮರಗಳ ಸಾಲು, ಸದ್ದೇ ಇಲ್ಲದ ಬೀದಿ. ಅಲ್ಲೇ ಅಡ್ವಾನ್ಸ್ ಕೊಟ್ಟೆ. ಸೆಮಿಸ್ಟರ್ ಶುರುವಾದ ಮೊದಲ ಶುಕ್ರವಾರ ರಾತ್ರಿ ಎದುರು ಮನೆಯಲ್ಲಿ 30 ಜನ ಸೇರಿದರು. ಎರಡು ಗಂಟೆಯ ತನಕ ಹಾಡು, ಕೂಗು. ಅವರದ್ದೂ ತಪ್ಪು ಅನ್ನಲಾರೆ, ಅದು ಅವರ ವಯಸ್ಸು, ಅವರ ಬೀದಿ. ನಾನು ನೋಡಿದ್ದು ಆ ಬೀದಿಯ ರಜೆಯ ಮುಖ ಮಾತ್ರ. ಮುಂದಿನ ಹತ್ತು ತಿಂಗಳು ನಿದ್ದೆಗೆಟ್ಟು ಕಳೆದೆ.

ಆದ್ದರಿಂದ ಸಾಧ್ಯವಾದರೆ ಸೆಮಿಸ್ಟರ್ ನಡೆಯುವಾಗ, ವಾರದ ಕೊನೆಯಲ್ಲಿ, ರಾತ್ರಿ 11ರ ಮೇಲೆ ಆ ಬೀದಿಯಲ್ಲಿ ಒಂದು ಸುತ್ತು ನಡೆದು ಬನ್ನಿ. ಸದ್ದು ಒಂದು ಕಡೆ. ಬೀದಿದೀಪ ಇದೆಯಾ, ಆ ಹೊತ್ತಿನಲ್ಲಿ ಒಬ್ಬರೇ ನಡೆಯೋಕೆ ಧೈರ್ಯ ಬರುತ್ತಾ ಅನ್ನುವುದೂ ಆಗಲೇ ಗೊತ್ತಾಗುವುದು. ಗಲಾಟೆಗೆ ಹೆದರಿ ಮೈಲಿಗಟ್ಟಲೆ ದೂರ ಹೋಗಬೇಕಾಗಿಲ್ಲ. ತೆರೆದ ಜಾಗದಲ್ಲಿ ಸದ್ದಿನ ಮೂಲದಿಂದ ನಮ್ಮ ದೂರ ಎರಡರಷ್ಟಾದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಅರ್ಧದಷ್ಟೇ ಅನ್ನಿಸುತ್ತದೆ. ಎದುರಿಗೆ 10 ಮೀಟರ್ ದೂರದಲ್ಲಿದ್ದ ಸದ್ದು 40 ಮೀಟರ್ ಆಚೆ ಹೋದರೆ ಅರ್ಧಕ್ಕಿಂತ ಕಡಿಮೆಯಾಯಿತು. ನಡುವೆ ಒಂದು ಕಟ್ಟಡ ಅಡ್ಡ ಇದ್ದರೆ ಇನ್ನೂ ಕಡಿಮೆ. ಅಂದರೆ ಅದೇ ಏರಿಯಾದಲ್ಲಿ ಒಂದು ಬೀದಿ ಹಿಂದೆ, ಮಲಗುವ ಕೋಣೆಯ ಕಿಟಕಿ ಹಿಂಬದಿಗೆ ಇರುವ ಮನೆ ಸಿಕ್ಕರೆ ಸಾಕು.

ಸುತ್ತಮುತ್ತ ಯಾರಿದ್ದಾರೆ ಅನ್ನುವುದನ್ನೂ ವಿಚಾರಿಸಿ. ಡಿಗ್ರಿ ಮೊದಲ ವರ್ಷದವರು, ಸಂಶೋಧನೆ ಮಾಡುವವರು, ಸಂಸಾರಸ್ಥರು, ಪ್ರತಿಯೊಬ್ಬರ ದಿನವೂ ಬೇರೆ ಬೇರೆ ಹೊತ್ತಿಗೆ ಮುಗಿಯುತ್ತದೆ. ನಿಮ್ಮ ಹಾಗೆಯೇ ಮಲಗಿ ಏಳುವವರ ನಡುವೆ ಇದ್ದರೆ ನೆಮ್ಮದಿ. ಸಂಸಾರಸ್ಥರ ಬೀದಿಯಲ್ಲಿ ನಾಲ್ಕೈದು ಸ್ನೇಹಿತರು ಸೇರಿ ಮನೆ ಹಿಡಿಯುವುದಾದರೆ, ಅಲ್ಲಿನ ಸ್ಥಳೀಯ ನಿಯಮ ಏನಿದೆ ಅಂತ ಮೊದಲೇ ಕೇಳಿ. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಸಣ್ಣ ಊರಿನಲ್ಲಿ ಹತ್ತಿರದ ಸ್ಟೋನಿ ಬ್ರೂಕ್ ಯೂನಿವರ್ಸಿಟಿಯ 6 ವಿದ್ಯಾರ್ಥಿಗಳು ಒಟ್ಟಿಗೆ ಮನೆ ಮಾಡಿದ್ದರು. ಸಂಬಂಧಿಕರಲ್ಲದವರು ಇಬ್ಬರಿಗಿಂತ ಹೆಚ್ಚು ಒಂದು ಮನೆಯಲ್ಲಿ ಇರಬಾರದು ಅಂತ ಆ ಊರಿನ ನಿಯಮ. ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. 1974ರಲ್ಲಿ ಕೋರ್ಟು ಊರಿನ ನಿಯಮವನ್ನೇ ಎತ್ತಿಹಿಡಿಯಿತು.

ಅಗ್ರಿಮೆಂಟಿನಲ್ಲಿ ಎರಡು ವಿಷಯ ಹುಡುಕಿ. ಕ್ಲಾಸು 9–10 ತಿಂಗಳು, ಆದರೆ ಬಾಡಿಗೆ 12 ತಿಂಗಳಿಗಾ? ಹಾಗಿದ್ದರೆ ರಜೆಯಲ್ಲಿ ಬೇರೆಯವರಿಗೆ ಬಿಟ್ಟುಕೊಡೋಕೆ ಓನರ್ ಒಪ್ಪುತ್ತಾರಾ? ರೂಮ್‌ಮೇಟ್ ನಡುವೆ ಬಿಟ್ಟು ಹೋದರೆ ಅವರ ಪಾಲನ್ನು ನೀವು ಕಟ್ಟಬೇಕಾ?

ನೋಡೋಕೆ ಹೋಗಲು ಆಗದಿದ್ದರೆ ಮೊದಲ ತಿಂಗಳಿಗೆ ಮಾತ್ರ ಎಲ್ಲಾದರೂ ಒಂದು ಕೋಣೆ ಹಿಡಿಯಿರಿ. ಆ ತಿಂಗಳಲ್ಲಿ ನಡೆದಾಡಿ ಆರಿಸಿಕೊಳ್ಳಿ. ಕ್ಯಾಂಪಸ್ ಅಂಚಿನ ಮನೆಗಳು ಅಷ್ಟರಲ್ಲಿ ಹೋಗಿರುತ್ತವೆ, ನಿಜ. ಆದರೂ ನೋಡದೇ ವರ್ಷದ ಅಗ್ರಿಮೆಂಟಿಗೆ ಸಹಿ ಹಾಕುವುದಕ್ಕಿಂತ ಇದು ವಾಸಿ.

ರಜೆಯಲ್ಲೇ ಮನೆ ನೋಡಬೇಕಾಗಿ ಬಂದರೆ, ಅಲ್ಲಿ ಈಗ ಇರುವವರನ್ನು ಅಥವಾ ಪಕ್ಕದ ಮನೆಯ ವಿದ್ಯಾರ್ಥಿಯನ್ನು ಮಾತಾಡಿಸಿ. "ಏರಿಯಾ ಹೇಗಿದೆ?" ಅಂದರೆ "ಚೆನ್ನಾಗಿದೆ" ಅಂತಾರೆ. ಅದರ ಬದಲು "ಪರೀಕ್ಷೆ ಹಿಂದಿನ ರಾತ್ರಿ ಎಲ್ಲಿ ಕೂತು ಓದ್ತೀರಿ?" ಅಂತ ಕೇಳಿ. "ಮನೆಯಲ್ಲೇ" ಅಂದರೆ ಒಳಗೆ ಹೋಗಿ ಮನೆ ನೋಡಿ.