ಬಚ್ಚಲುಮನೆ ಬಾಯ್ಲರ್ ಮತ್ತು ಪುಟ್ಟ ಉಗಿಬಂಡಿ: ಹೊಸದಾಗಿ ಕಲಿಯುವವರಿಗೆ ನನ್ನ ಟಿಪ್ಪಣಿ

ಹಳೇ ಮೈಸೂರು ಕಡೆಯ ಮನೆಗಳ ಬಚ್ಚಲಲ್ಲಿ ಒಂದು ತಾಮ್ರದ ಬಾಯ್ಲರ್ ಇರುತ್ತಿತ್ತು, ನೆನಪಿದೆಯಾ? ನಡುವೆ ಒಂದು ಕೊಳವೆ. ಕೆಳಗೆ ಇದ್ದಿಲೋ ತೆಂಗಿನ ಚಿಪ್ಪೋ ಹಾಕಿ ಹಚ್ಚಿದರೆ ಬಿಸಿ ಹೊಗೆ ಆ ಕೊಳವೆಯಲ್ಲಿ ಮೇಲೇರುತ್ತದೆ, ಸುತ್ತಲಿನ ನೀರು ಕಾಯುತ್ತದೆ. ಉಗಿಬಂಡಿಯ ಬಾಯ್ಲರ್ ಹೆಚ್ಚೂಕಡಿಮೆ ಇದೇ. ಅಡ್ಡ ಮಲಗಿಸಿ, ಒಂದು ಕೊಳವೆಯ ಜಾಗದಲ್ಲಿ ಹತ್ತಾರು ಇಟ್ಟು, ಮುಚ್ಚಳ ಬೆಸೆದುಬಿಟ್ಟರೆ ಆಯಿತು. ಬಚ್ಚಲಿನದು ಕುದಿದರೆ ಮುಚ್ಚಳ ತಟತಟ ಅನ್ನುತ್ತದೆ, ಅಷ್ಟೆ. ಬೆಸೆದ ಮೇಲೆ ಒಳಗಿನ ಉಗಿಗೆ ಹೋಗಲು ದಾರಿ ಇಲ್ಲ. ನಿಜವಾದ ಉಗಿಯಿಂದಲೇ ಓಡುವ ಪುಟ್ಟ ರೈಲು ಎಂಜಿನ್ ಕಟ್ಟುವ, ಓಡಿಸುವ ಈ ಹವ್ಯಾಸದಲ್ಲಿ ಕಲಿಯಬೇಕಾದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇರೋದು ಅಲ್ಲೇ.

ಮೊದಲು ಅಳತೆ. ಹಳಿಗಳ ನಡುವಿನ ಅಂತರವೇ ಎಂಜಿನ್ನಿನ ಗುರುತು. 32 ಮತ್ತು 45 ಮಿಲಿಮೀಟರಿನವು ಅಂಗಳದಲ್ಲಿ, ತಾರಸಿಯಲ್ಲಿ ಓಡುವಂಥವು. ಮೂರೂವರೆ ಇಂಚು, 5 ಇಂಚು, ಏಳೂಕಾಲು ಇಂಚಿನವು ಮನುಷ್ಯರನ್ನೇ ಎಳೆಯುತ್ತವೆ. ನನ್ನ ಹತ್ತಿರ ಇರುವುದು ಗ್ಯಾಸ್ ಉರಿಯ 45 ಮಿಲಿಮೀಟರಿನದು. ದೊಡ್ಡದನ್ನು ಇನ್ನೂ ಕಾಗದದ ಮೇಲೆ ಕಲಿಯುತ್ತಿದ್ದೇನೆ.

ಎಲ್ಲವೂ ಒಂದೇ ಲೆಕ್ಕದಲ್ಲಿ ಚಿಕ್ಕದಾಗುವುದಿಲ್ಲ

5 ಇಂಚಿನ ಎಂಜಿನ್ ಸ್ಟ್ಯಾಂಡರ್ಡ್ ಗೇಜಿನ (ಹಳಿಗಳ ಅಂತರ ನಾಲ್ಕು ಅಡಿ ಎಂಟೂವರೆ ಇಂಚು) ನಿಜವಾದ ಎಂಜಿನ್ನಿನ ಸುಮಾರು 11ನೇ ಒಂದು ಭಾಗ. ಹಾಗಾದರೆ ನೀರೂ 11ನೇ ಒಂದು ಭಾಗವೇ? ಇಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ, 11 × 11 × 11. ನೀರು 1,300ನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಶಾಖ ಸೋರುವ ಮೈ ಕುಗ್ಗುವುದು 121 ಪಾಲು ಮಾತ್ರ. ಇರುವ ನೀರಿಗೆ ಹೋಲಿಸಿದರೆ ಪುಟ್ಟ ಬಾಯ್ಲರ್ 11 ಪಟ್ಟು ಹೆಚ್ಚು ಮೈಯನ್ನು ಗಾಳಿಗೆ ಒಡ್ಡಿಕೊಂಡು ಕೂತಿರುತ್ತದೆ. ಲೋಟದ ಕಾಫಿ ಹಂಡೆಯ ನೀರಿಗಿಂತ ಬೇಗ ಆರುತ್ತದಲ್ಲ, ಅದೇ ಕಥೆ. ಬಾಯ್ಲರಿಗೆ ಹೊದಿಕೆ ಹಾಕುವುದು ಬರೀ ಚೆಂದಕ್ಕಲ್ಲ.

ಕೊಳವೆಗಳ ಕಥೆಯೂ ಹೀಗೇ. 1829ರ ಸ್ಟೀಫನ್ಸನ್ ‘ರಾಕೆಟ್’ನಲ್ಲಿ 3 ಇಂಚಿನ 25 ತಾಮ್ರದ ಕೊಳವೆಗಳಿದ್ದವು. ಆಮೇಲಿನ ಎಂಜಿನ್‌ಗಳಲ್ಲಿ 2 ಇಂಚಿನವು ನೂರಕ್ಕೂ ಮೇಲೆ. ಅದನ್ನು ಹಾಗೇ 11ರಿಂದ ಭಾಗಿಸಿದರೆ ಕೊಳವೆ 5 ಮಿಲಿಮೀಟರಿಗಿಂತ ಸಣ್ಣ. ಒಂದು ಗಂಟೆಯಲ್ಲಿ ಮಸಿ ಕಟ್ಟಿ ಮುಗಿಯಿತು. ಅದಕ್ಕೇ ಕಡಿಮೆ ಕೊಳವೆ, ದಪ್ಪ ಕೊಳವೆ. ಎಷ್ಟು ದಪ್ಪ? ಕೀಲರ್ ಎಂಬವರ ಹೆಸರಿನ ಒಂದು ಸೂತ್ರ ಇದೆ: ಇಂಚಿನಲ್ಲಿ ಕೊಳವೆಯ ಉದ್ದವನ್ನು ಅದರ ಒಳವ್ಯಾಸದ ವರ್ಗದಿಂದ ಭಾಗಿಸಿದರೆ 50ರಿಂದ 70ರೊಳಗೆ ಬರಬೇಕು. ಅರ್ಧ ಇಂಚಿನ ಕೊಳವೆಗೆ ವರ್ಗ 0.25, ಉದ್ದ ಹನ್ನೆರಡೂವರೆಯಿಂದ ಹದಿನೇಳೂವರೆ ಇಂಚು. ಅದಕ್ಕಿಂತ ಗಿಡ್ಡ ಆದರೆ ಬಿಸಿ ಹೊಗೆ ನೀರಿಗೆ ಶಾಖ ಕೊಡದೆ ಚಿಮಣಿಯಲ್ಲಿ ಓಡಿಹೋಗುತ್ತದೆ. ಉದ್ದ ಆದರೆ ಹೊಗೆ ಎಳೆಯುವುದೇ ಇಲ್ಲ.

ಪುಟ್ಟ ಬಾಯ್ಲರಿನ ಒಳಗೇ ಬೆಂಕಿ ಉರಿಸಿ ಕೊಳವೆಗಳಲ್ಲಿ ಹೊಗೆ ಹಾಯಿಸುವುದು ಸುಲಭವಾಗಿ ಒಪ್ಪಿಗೆಯಾದ ಮಾತಲ್ಲ. ಪುಟ್ಟ ಎಂಜಿನ್ನಿಗೆ ಹೊರಗಿನಿಂದ ಸ್ಪಿರಿಟ್ ದೀಪವೇ ಸರಿ, ಕಲ್ಲಿದ್ದಲು ಉರಿಸುವುದು ಆಗದ ಕೆಲಸ ಅನ್ನುವವರು ಇಂಗ್ಲೆಂಡಿನಲ್ಲಿ ತುಂಬ ಇದ್ದರು. 1920ರ ದಶಕದ ಆರಂಭದಲ್ಲಿ, ಎಲ್‌ಬಿಎಸ್‌ಸಿ ಎಂದು ಸಹಿ ಹಾಕಿ ಬರೆಯುತ್ತಿದ್ದ ಒಬ್ಬರು ಎರಡೂವರೆ ಇಂಚಿನ ‘ಆಯೆಷಾ’ ಎಂಬ ಎಂಜಿನ್‌ನಲ್ಲಿ ಕಲ್ಲಿದ್ದಲು ಉರಿಸಿ, ಅದರಿಂದ ದೊಡ್ಡವರನ್ನೇ ಎಳೆಸಿ ತೋರಿಸಿದರು. ಆ ಜಗಳಕ್ಕೆ ‘ಬಾಯ್ಲರ್‌ಗಳ ಯುದ್ಧ’ ಅಂತಲೇ ಹೆಸರು ಬಿತ್ತು. ಅವರದೇ ವಿನ್ಯಾಸದ ಮೂರೂವರೆ ಇಂಚಿನ ‘ಟಿಚ್’ ಅನ್ನು ಹೊಸಬರು ಇವತ್ತಿಗೂ ಕಟ್ಟುತ್ತಾರೆ.

ತಾಮ್ರದ ಲೆಕ್ಕ

4 ಇಂಚು ವ್ಯಾಸ, ಎಂಟನೇ ಒಂದು ಇಂಚು ದಪ್ಪದ ತಾಮ್ರದ ಕೊಳಾಯಿ ತಗೊಳ್ಳಿ. ಒಳಗೆ ಚದರ ಇಂಚಿಗೆ 80 ಪೌಂಡ್ ಒತ್ತಡ. ಗೋಡೆಯ ಮೇಲಿನ ಎಳೆತ = ಒತ್ತಡ × ವ್ಯಾಸ ÷ ದಪ್ಪದ ಎರಡರಷ್ಟು. 320 ÷ 0.25 = ಚದರ ಇಂಚಿಗೆ 1,280 ಪೌಂಡ್. ಮೆತ್ತಗಾಗಿಸಿದ ತಾಮ್ರ ತಣ್ಣಗಿದ್ದಾಗ ಸುಮಾರು 30,000ದವರೆಗೆ ತಡೆಯುತ್ತದೆ. ನೆಮ್ಮದಿ.

ಆದರೆ ದುಂಡಗಿನದಕ್ಕೆ ಮಾತ್ರ ಈ ನೆಮ್ಮದಿ. ಉರಿಪೆಟ್ಟಿಗೆಯ, ಅಂದರೆ ಸುತ್ತ ನೀರಿಟ್ಟುಕೊಂಡು ಒಳಗೆ ಬೆಂಕಿ ಉರಿಯುವ ಪೆಟ್ಟಿಗೆಯ, ಪಕ್ಕಗಳು ಚಪ್ಪಟೆ. 4 ಇಂಚಿಗೆ 4 ಇಂಚಿನ ಹಲಗೆ ಅಂದರೆ 16 ಚದರ ಇಂಚು. ಅದರ ಮೇಲೆ ಒಟ್ಟು 1,280 ಪೌಂಡ್, ಸುಮಾರು 580 ಕಿಲೋ. ನಿಮ್ಮ ಅಂಗೈಯಷ್ಟು ತಗಡಿನ ಮೇಲೆ ಒಂದು ದೊಡ್ಡ ಎಮ್ಮೆ ನಿಂತಂತೆ! ಸುಮ್ನೆ ಬಿಟ್ಟರೆ ಪೂರಿ ಥರ ಉಬ್ಬುತ್ತದೆ. ಅದಕ್ಕೇ ಒಳಗಿನ ಮತ್ತು ಹೊರಗಿನ ಹಲಗೆಗಳನ್ನು ಸಾಲು ಸಾಲು ತಾಮ್ರದ ಕಂಬಿಗಳಿಂದ ಕಟ್ಟುತ್ತಾರೆ. ನಕ್ಷೆಯಲ್ಲಿ ಅವಕ್ಕೆ ಸ್ಟೇ ಅಂತ ಹೆಸರು. ‘ನಾಲ್ಕು ಕಂಬಿ ಕಡಿಮೆ ಹಾಕಿದರೆ ಏನಾಗುತ್ತೆ’ ಅಂತ ಯಾರಾದರೂ ಕೇಳಿದರೆ ಎಮ್ಮೆ ನೆನಪಿಸಿ.

ಬೆಸುಗೆಯಲ್ಲಿ ರಿಯಾಯಿತಿ ಇಲ್ಲ. ರೇಡಿಯೋ ರಿಪೇರಿಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಲು ಶುರು. 80 ಪೌಂಡಿನ ಉಗಿಯೇ 162 ಡಿಗ್ರಿ ಇರುತ್ತದೆ, ಬೆಂಕಿ ಪಕ್ಕದ ಲೋಹದ ಬಗ್ಗೆ ಹೇಳೋದೇ ಬೇಡ. ಹಾಗಾಗಿ 600 ಡಿಗ್ರಿ ದಾಟಿ ಕರಗುವ ಬೆಳ್ಳಿ ಬೆಸುಗೆಯೇ ಆಗಬೇಕು. ತಾಮ್ರ ಶಾಖವನ್ನು ಎಲ್ಲ ಕಡೆ ಹಂಚಿಬಿಡುತ್ತದೆ, ಒಂದು ಮೂಲೆ ಮಾತ್ರ ಕಾಯಿಸುತ್ತೇನೆ ಅಂದರೆ ಆಗದು. ಇಡೀ ಬಾಯ್ಲರ್ ಮಂಕು ಕೆಂಪಾಗಬೇಕು. ಬೆಸುಗೆ ಹಿಡಿಯಲೆಂದು ಸಂದಿಗೆ ಮೊದಲೇ ಬಳಿಯುವ ಫ್ಲಕ್ಸ್ ಮೊದಲು ಬೆಳ್ಳಗೆ ನೊರೆಯಾಗುತ್ತದೆ, ಆಮೇಲೆ ಗಾಜಿನಂತೆ ತಿಳಿಯಾಗುತ್ತದೆ. ಆ ಕ್ಷಣ ಕಡ್ಡಿ ಮುಟ್ಟಿಸಿದರೆ, ಕಾದ ಕಾವಲಿ ಮೇಲೆ ತುಪ್ಪ ಹರಿದಂತೆ ಬೆಸುಗೆ ಸಂದಿಯೊಳಗೆ ತಾನೇ ಓಡುತ್ತದೆ. ಉಂಡೆ ಕಟ್ಟಿ ಕೂತರೆ ಶಾಖ ಸಾಲದು ಅಂತ ಅರ್ಥ. ಆಮೇಲೆ ಸಿಟ್ರಿಕ್ ಆಮ್ಲದ ನೀರಲ್ಲಿ ನೆನೆಸಿದರೆ ಕಪ್ಪೆಲ್ಲ ಬಿಡುತ್ತದೆ. ನಮ್ಮಜ್ಜಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ಉಜ್ಜುತ್ತಿದ್ದದ್ದೂ ಇದೇ ಕೆಮಿಸ್ಟ್ರಿ.

ಇನ್ನೊಂದು. ವಾಲ್ವು, ಕೊಳವೆಗಳನ್ನು ತಿರುಗಿಸಿ ಕೂರಿಸಲು ಬಾಯ್ಲರಿನ ಮೈಗೆ ಬೆಸೆಯುವ ಬಳೆಗಳಿಗೆ ಬುಷ್ ಅಂತಾರೆ, ಅವು ಹಿತ್ತಾಳೆಯವು ಬೇಡ. ಬಿಸಿನೀರಿನಲ್ಲಿ ಹಿತ್ತಾಳೆಯೊಳಗಿನ ಸತು ನಿಧಾನ ಕರಗಿಹೋಗಿ, ಹೊರಗೆ ಗಟ್ಟಿ ಕಂಡರೂ ಒಳಗೆ ಪುಡಿಯಾಗಿರುತ್ತದೆ. ಗನ್‌ಮೆಟಲ್ (ಅದೂ ಕಂಚಿನ ಜಾತಿಯದೇ) ಅಥವಾ ಕಂಚು ಹಾಕಿ.

ಪರೀಕ್ಷೆ ಯಾವಾಗಲೂ ನೀರಿನಿಂದ. ಬಾಯ್ಲರ್ ತುಂಬ ನೀರು, ಒಳಗೆ ಒಂದು ಗುಳ್ಳೆ ಗಾಳಿಯೂ ಇಲ್ಲದಂತೆ. ಕೈಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟಕ್ಕೆ ಏರಿಸುತ್ತಾರೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಎಲ್ಲಾದರೂ ಬಿಟ್ಟರೆ ಒಂದು ಹನಿ ಜಿನುಗಿ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದೆ. ಅದೇ ಕೆಲಸ ಗಾಳಿಯಲ್ಲಿ ಮಾಡಿದರೆ ಅದು ಬಾಂಬು. ನಮ್ಮ ದೇಶದ ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕದನ್ನು ಕೇಳುವುದಿಲ್ಲ, ಈ ಪುಟಾಣಿಗಳಲ್ಲಿ ಬಹುಪಾಲು ಅದರ ಕೆಳಗೇ ಬರುತ್ತವೆ. ಇನ್‌ಸ್ಪೆಕ್ಟರ್ ಬರುವುದಿಲ್ಲ ಅಂದಮೇಲೆ ಆ ಕೆಲಸವೂ ನಮ್ಮದೇ, ಅಲ್ವಾ? ಒತ್ತಡ ಮಿತಿ ಮೀರಿದರೆ ಉಗಿಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಬಿಚ್ಚಿಕೊಳ್ಳುವುದನ್ನು ಪ್ರತಿ ಸಲ ಕಣ್ಣಾರೆ ನೋಡಿ.

ಓಡಿಸುವಾಗ

ಕಲ್ಲಿದ್ದಲಿನ ಎಂಜಿನ್ನಿಗೆ ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲಿನಿಂದ ಶುರು. ಚಿಮಣಿಯ ಮೇಲೆ ಪುಟ್ಟ ಫ್ಯಾನ್ ಇಟ್ಟು ಹೊಗೆ ಎಳೆಸುತ್ತಾರೆ. ಬಂಡಿ ಹೊರಟಮೇಲೆ ಫ್ಯಾನ್ ಬೇಡ. ಚಕ್ರ ತಿರುಗಿಸುವ ಸಿಲಿಂಡರಿನಿಂದ ಕೆಲಸ ಮುಗಿಸಿ ಬರುವ ಉಗಿ ಚಿಮಣಿಯಲ್ಲಿ ಚಿಮ್ಮಿ ತಾನೇ ಬೆಂಕಿಯನ್ನು ಎಳೆಯುತ್ತದೆ. ಭಾರ ಜಾಸ್ತಿ ಆದಷ್ಟೂ ಬೆಂಕಿ ಜಾಸ್ತಿ. ನನ್ನಂಥ ಗ್ಯಾಸಿನವರು ಗ್ಯಾಸ್ ಸ್ವಲ್ಪವೇ ತಿರುಗಿಸಿ, ಬೆಂಕಿಕಡ್ಡಿಯನ್ನು ಚಿಮಣಿಯ ತುದಿಗೆ ಹಿಡಿಯುತ್ತೇವೆ. ‘ಪಫ್’ ಅಂತ ಸದ್ದು, ಜ್ವಾಲೆ ಹಿಂದಕ್ಕೆ ಓಡಿ ಬರ್ನರಿನಲ್ಲಿ ಕೂರುತ್ತದೆ. ಮೊದಲ ದಿನ ನಾನು ಎರಡು ಹೆಜ್ಜೆ ಹಿಂದೆ ಹಾರಿದ್ದೆ.

ಬಾಯ್ಲರಿನಲ್ಲಿ ಎಷ್ಟು ನೀರಿದೆ ಅಂತ ತೋರಿಸುವ ಗಾಜಿನ ಕೊಳವೆಯನ್ನು ಕುರುಡಾಗಿ ನಂಬಬೇಡಿ. ಗಾಜನ್ನು ಚಿಕ್ಕದು ಮಾಡಬಹುದು, ನೀರಿನ ಅಂಟುಗುಣವನ್ನು ಮಾಡಲಾಗದು. ಸಣ್ಣ ಕೊಳವೆಯಲ್ಲಿ ಗುಳ್ಳೆ ಸಿಕ್ಕಿಕೊಂಡು ಅರ್ಧ ಬಾಯ್ಲರ್ ನೀರಿದೆ ಅಂತ ಸುಳ್ಳು ಹೇಳುತ್ತದೆ. ಕೆಳಗಿನ ಕಾಕ್ ಒಮ್ಮೆ ಬಿಟ್ಟು ನೋಡಿ. ನೀರು ಇಳಿದು ಮತ್ತೆ ಚುರುಕಾಗಿ ಏರಿದರೆ ನಿಜ.

ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಮನೆಯ ಗೀಸರ್ ಬಿಚ್ಚಿದಾಗ ಬಿದ್ದ ಬಿಳಿ ಚಕ್ಕೆ ನೋಡಿದ ಮೇಲೆ ನಾನು ಡಿಸ್ಟಿಲ್ಡ್ ನೀರಿಗೆ ಬಂದೆ. ಸೋಸಿದ ಮಳೆ ನೀರೂ ಆಗುತ್ತದೆ.

ಕೊನೆಗೆ ನಾನೇ ಕೆಡಿಸಿಕೊಂಡ ಒಂದು ವಿಷಯ. ಪುಟ್ಟ ಎಂಜಿನ್ನಿನ ಎಣ್ಣೆಡಬ್ಬಿಯಲ್ಲಿ ಯಂತ್ರವೇ ಇಲ್ಲ. ಉಗಿ ಅದರೊಳಗೆ ಬಂದು ನೀರಾಗಿ ತಳಕ್ಕೆ ಇಳಿಯುತ್ತದೆ, ಮೇಲಿನ ಎಣ್ಣೆ ಅಷ್ಟಷ್ಟೇ ಉಕ್ಕಿ ಸಿಲಿಂಡರಿಗೆ ಹೋಗುತ್ತದೆ. ಪ್ರತಿ ಓಟದ ನಂತರ ಆ ನೀರು ತೆಗೆದು, ದಪ್ಪನೆಯ ಸ್ಟೀಮ್ ಎಣ್ಣೆ ತುಂಬಬೇಕು. ಒಂದು ಸಂಜೆ ಓಟ ಮುಗಿದ ಮೇಲೆ ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ಪೂರ್ತಿ ಮುಚ್ಚದೆ, ಎಲ್ಲ ಹಾಗೇ ಬಿಟ್ಟು ಊಟಕ್ಕೆ ಹೋದೆ. ಬಾಯ್ಲರ್ ಆರಿದಾಗ ಒಳಗಿನ ಉಗಿ ನೀರಾಗಿ ನಿರ್ವಾತ ಆಯಿತು, ಡಬ್ಬಿಯ ಎಣ್ಣೆಯನ್ನೆಲ್ಲ ಹಿಂದಕ್ಕೆ ಎಳೆದುಕೊಂಡಿತು. ಮಾರನೇ ದಿನ ನೀರು ಸೋಪಿನ ಹಾಗೆ ನೊರೆಯಾಗಿ ಚಿಮಣಿಯಿಂದ ಉಗುಳತೊಡಗಿತು. ಮೂರು ಸಲ ಬಿಸಿನೀರು ಹಾಕಿ ತೊಳೆದೆ. ಈಗ ಮುಳ್ಳು ಸೊನ್ನೆಗೆ ಬಂದ ತಕ್ಷಣ ನೀರು ತುಂಬುವ ಬಿರಡೆಯನ್ನು ಅರ್ಧ ಸುತ್ತು ಸಡಿಲಿಸಿಯೇ ಕೈ ತೊಳೆಯುತ್ತೇನೆ.