ಪೇರ್ ಜಾಮ್ ಯಾಕೆ ಗಟ್ಟಿಯಾಗುವುದಿಲ್ಲ? ಕಿತ್ತಳೆ, ನಿಂಬೆ ಹಾಕಿದರೆ ಏನಾಗುತ್ತದೆ?

ಓದುಗರ ಪ್ರಶ್ನೆ: ಸೇಬಿನ ಜಾಮ್ ಮನೆಯಲ್ಲಿ ಚೆನ್ನಾಗಿ ಬರುತ್ತದೆ. ಅದೇ ಅಳತೆಯಲ್ಲಿ ಪೇರ್ ಹಣ್ಣಿನ ಜಾಮ್ ಮಾಡಿದರೆ ಮಾತ್ರ ಶರಬತ್ತಿನ ಹದದಲ್ಲೇ ಉಳಿದುಬಿಡುತ್ತದೆ. ಇನ್ನೂ ಕಾಯಿಸಿದರೆ ಅಂಟಂಟಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕಿತ್ತಳೆ, ನಿಂಬೆ ಸೇರಿಸಿ ಅಂತ ಎಲ್ಲರೂ ಹೇಳುತ್ತಾರೆ. ಅದು ರುಚಿಗೆ ಮಾತ್ರವಾ? ಜಾಮ್ ಗಟ್ಟಿ ಮಾಡುವ ಅಂಗಡಿಯ ಪೆಕ್ಟಿನ್ ಪುಡಿ ಇಲ್ಲದೆ ಮಾಡಲು ಆಗುವುದಿಲ್ಲವಾ?

ಉತ್ತರ: ಖಂಡಿತ ಆಗುತ್ತದೆ, ಪುಡಿ ಬೇಡವೇ ಬೇಡ. ಕಿತ್ತಳೆ, ನಿಂಬೆ ರುಚಿ ಕೊಡುವುದು ನಿಜ. ಆದರೆ ಪೇರ್ ಜಾಮ್‌ನಲ್ಲಿ ಅವುಗಳ ಮುಖ್ಯ ಕೆಲಸ ಬೇರೆ. ಪೇರ್‌ನಲ್ಲಿ ಸಾಕಷ್ಟು ಇಲ್ಲದ ಎರಡು ವಸ್ತುಗಳನ್ನು ಅವು ತಂದುಕೊಡುತ್ತವೆ. ಅದರಲ್ಲಿ ಒಂದನ್ನು ನಾವು ಸಾಮಾನ್ಯವಾಗಿ ಕಸದ ಬುಟ್ಟಿಗೆ ಹಾಕುತ್ತೇವೆ.

ಮೊದಲು ಒಂದು ಅಭ್ಯಾಸ ಬಿಡಬೇಕು. ಹಲ್ವಾ ಮಾಡುವಾಗ ಕೈಯಾಡಿಸಿದಷ್ಟೂ ನೀರು ಇಂಗಿ ಬಾಣಲೆಯಲ್ಲೇ ಗಟ್ಟಿಯಾಗುತ್ತದೆ. ಜಾಮ್‌ಗೂ ಅದೇ ಲೆಕ್ಕ ಹಾಕುತ್ತೇವೆ, ಅಲ್ವಾ? ಆದರೆ ಜಾಮ್ ಒಲೆಯ ಮೇಲೆ ಗಟ್ಟಿಯಾಗುವ ಪದಾರ್ಥವೇ ಅಲ್ಲ. ಇಳಿಸಿ, ಆರಿದ ಮೇಲೆ ಹೆಪ್ಪುಗಟ್ಟುತ್ತದೆ. ಸರಿಯಾಗಿ ಆದ ಜಾಮ್ ಕುದಿಯುವಾಗ ತೆಳ್ಳಗೇ ಕಾಣುತ್ತದೆ. ಬಾಣಲೆಯಲ್ಲೇ ಗಟ್ಟಿ ಕಂಡಿತು ಅಂದರೆ ಆಗಲೇ ಹದ ಮೀರಿದೆ ಎಂದರ್ಥ.

ಹೆಪ್ಪುಗಟ್ಟಿಸುವುದು ಪೆಕ್ಟಿನ್. ಹಣ್ಣು ತರಕಾರಿಗಳ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಇದು. ಫ್ರಾನ್ಸಿನ ಆನ್ರಿ ಬ್ರಾಕೊನೊ ಎಂಬ ವಿಜ್ಞಾನಿ 1825ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದ. ಹಣ್ಣು ಬೆಂದಾಗ ಪೆಕ್ಟಿನ್ ಕರಗಿ ರಸಕ್ಕೆ ಇಳಿಯುತ್ತದೆ. ಅದು ಉದ್ದುದ್ದ ಎಳೆಗಳಾಗಿ ರಸದಲ್ಲಿ ತೇಲುತ್ತದೆ. ಆ ಎಳೆಗಳಿಗೆಲ್ಲ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹುಳಿ ಸೇರಿದಾಗ ಆ ತಳ್ಳಾಟ ನಿಲ್ಲುತ್ತದೆ. ಸಕ್ಕರೆ ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಎಳೆಗಳು ಕೈ ಕೈ ಹಿಡಿದು ಬಲೆಯಾಗಿ, ಉಳಿದ ನೀರನ್ನು ಅದರೊಳಗೆ ಹಿಡಿದಿಡುತ್ತವೆ. ಪೆಕ್ಟಿನ್, ಹುಳಿ, ಸಕ್ಕರೆ ಮೂರರಲ್ಲಿ ಒಂದು ಕಮ್ಮಿಯಾದರೂ ಬಲೆ ಕೂಡುವುದಿಲ್ಲ.

ಲೆಕ್ಕದಲ್ಲಿ ಹೇಳುವುದಾದರೆ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 3ರಿಂದ 3.3ರ ಒಳಗೆ ಇರಬೇಕು. ಇಳಿಸುವ ಹೊತ್ತಿಗೆ ಜಾಮ್‌ನ ತೂಕದಲ್ಲಿ ನೂರಕ್ಕೆ ಸುಮಾರು 65 ಭಾಗ ಸಕ್ಕರೆ ಇರಬೇಕು. ಹುಳಿ ಸೇಬಿನಲ್ಲಿ ಪೆಕ್ಟಿನ್ ಧಾರಾಳ, ಹುಳಿಯೂ ಸಾಕಷ್ಟು. ಸಕ್ಕರೆ ಒಂದನ್ನು ಹಾಕಿದರೆ ಕೆಲಸ ಮುಗಿಯಿತು. ಪೇರ್ ಅಷ್ಟು ಸಲೀಸಲ್ಲ. ಅದರ ಪಿಎಚ್ ಸಾಮಾನ್ಯವಾಗಿ 3.5ಕ್ಕಿಂತ ಮೇಲೆ, ಕೆಲವು ಜಾತಿಗಳಲ್ಲಿ 4.5ರ ಹತ್ತಿರ. ಹಣ್ಣಾದ ಪೇರ್‌ನಲ್ಲಿ ಪೆಕ್ಟಿನ್ ಕೂಡ ಒಡೆದುಹೋಗಿರುತ್ತದೆ. ಇಂಥ ರಸವನ್ನು ಎಷ್ಟು ಕಾಯಿಸಿದರೂ ಸಿಗುವುದು ಸಕ್ಕರೆ ಪಾಕ ಮಾತ್ರ. ನಿಮ್ಮ ಹಲ್ಲಿಗೆ ಮೆತ್ತಿಕೊಂಡಿದ್ದು ಅದೇ.

ಈಗ ಆ ಕಸದ ಬುಟ್ಟಿಯ ವಿಷಯ. ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳಲ್ಲಿ ಪೆಕ್ಟಿನ್ ಇರುವುದು ರಸದಲ್ಲಿ ಅಲ್ಲ. ಸಿಪ್ಪೆಯ ಒಳಗಿನ ಬಿಳಿ ಭಾಗ, ತೊಳೆಗಳ ಪೊರೆ, ಬೀಜ ಇವುಗಳಲ್ಲಿ. ಒಂದು ಹಿಡಿ ನಿಂಬೆ ಬೀಜಗಳನ್ನು ಲೋಟದಲ್ಲಿ ಹಾಕಿ, ಮುಳುಗುವಷ್ಟು ನೀರು ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆ ಚಮಚದಲ್ಲಿ ಎತ್ತಿ ನೋಡಿ. ನೀರು ಲೋಳೆಯಾಗಿ, ಬೀಜದಿಂದ ಬೀಜಕ್ಕೆ ಜಾರುತ್ತಾ ಎಳೆ ಬಿಡುತ್ತಿರುತ್ತದೆ. ಆ ಲೋಳೆಯೇ ಪೆಕ್ಟಿನ್. ಅಂಗಡಿಯ ಪುಡಿಯನ್ನು ತಯಾರಿಸುವುದೂ ಹೆಚ್ಚಾಗಿ ಇವುಗಳಿಂದಲೇ. ರಸ ಹಿಂಡಿ ಉಳಿದ ಕಿತ್ತಳೆ, ನಿಂಬೆ ಸಿಪ್ಪೆ, ಇಲ್ಲವೇ ಸೇಬಿನ ಹಿಪ್ಪೆ. ಮನೆಯಲ್ಲೇ ಎಸೆಯುವುದನ್ನು ಸುಮ್ನೆ ದುಡ್ಡು ಕೊಟ್ಟು ತರಬೇಕಾ, ನೀವೇ ಯೋಚಿಸಿ.

ಯಾವ ಹಣ್ಣು ಸೇರಿಸಬೇಕು ಅನ್ನುವುದರಲ್ಲಿ ಸ್ವಲ್ಪ ವ್ಯತ್ಯಾಸ ಇದೆ. ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಎರಡಕ್ಕೂ ಸಿಪ್ಪೆ ಸಡಿಲ, ಬಿಳಿ ಭಾಗ ತೆಳು. ಘಮ ಚೆನ್ನಾಗಿ ಬರುತ್ತದೆ, ಪೆಕ್ಟಿನ್ ಅಷ್ಟಕ್ಕಷ್ಟೇ. ಮೂಸಂಬಿಯಲ್ಲಿ ಬಿಳಿ ಭಾಗ ಜಾಸ್ತಿ, ಆದರೆ ಹುಳಿ ಇಲ್ಲ. ನಮ್ಮ ನಿಂಬೆಹಣ್ಣಿಗೆ ಸಿಪ್ಪೆ ತೆಳು, ಆದರೆ ಬೀಜ ತುಂಬ, ಹುಳಿಯಂತೂ ಕೇಳಬೇಡಿ. ನನ್ನ ಆಯ್ಕೆ ಹೇರಳೆಕಾಯಿ. ಗೊಜ್ಜು, ಚಿತ್ರಾನ್ನಕ್ಕೆ ಬಳಸುವ ಅದೇ ಕಾಯಿ. ದಪ್ಪ ಸಿಪ್ಪೆ, ಒಳ್ಳೆ ಹುಳಿ, ಜೊತೆಗೆ ಒಂದು ಸಣ್ಣ ಕಹಿ. ಪೇರ್‌ನ ಸಪ್ಪೆ ಸಿಹಿಗೆ ಆ ಕಹಿ ಬಹಳ ಹೊಂದುತ್ತದೆ. ಆದರೆ ಮಕ್ಕಳು ಇಷ್ಟಪಡದೇ ಇರಬಹುದು. ಮಕ್ಕಳಿಗಾಗಿ ಮಾಡುವುದಾದರೆ ಕಿತ್ತಳೆ ಮತ್ತು ನಿಂಬೆಯೇ ಸರಿ. ಬೀಜವನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ, ಜಾಮ್ ಪೂರ್ತಿ ಕಹಿಯಾಗುತ್ತದೆ.

ಪೇರ್ ಆರಿಸುವಾಗ ತಿನ್ನುವ ಹಣ್ಣಿನ ಆಸೆ ಬಿಡಿ. ಪೇರ್ ಒಳಗಿನಿಂದ ಹೊರಗೆ ಹಣ್ಣಾಗುತ್ತದೆ. ಹೊಟ್ಟೆಯ ಭಾಗ ಮೆತ್ತಗಾಗಿದ್ದರೆ ಒಳಗೆ ಕಳಿತಿದೆ ಅಂತಲೇ ಲೆಕ್ಕ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಅಷ್ಟೇನೂ ತಗ್ಗದ, ಇನ್ನೂ ಗಟ್ಟಿ ಇರುವ ಹಣ್ಣು ಮುಕ್ಕಾಲು ಭಾಗ ಇರಲಿ. ಘಮಕ್ಕೆ ಕಾಲು ಭಾಗ ಹಣ್ಣಾದದ್ದು ಸಾಕು. ನೀಲಗಿರಿ, ಕೊಡೈಕೆನಾಲ್ ಕಡೆಯಿಂದ ಬರುವ ಗಟ್ಟಿ ಬೇರಿಕಾಯಿಯೂ ಆಗುತ್ತದೆ. ಅದರಲ್ಲಿ ಮರಳು ಮರಳು ಸಿಗುತ್ತದಲ್ಲ, ಅದು ಗಟ್ಟಿ ಗೋಡೆಯ ಜೀವಕೋಶಗಳ ಗುಂಪು, ಬೆಂದರೂ ಕರಗುವುದಿಲ್ಲ. ಅದನ್ನು ಹೆಚ್ಚುವ ಬದಲು ತುರಿದರೆ ಬಾಯಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಕಾಶ್ಮೀರ, ಹಿಮಾಚಲದಿಂದ ಬರುವ ಬಬ್ಬುಗೋಶಾ ತರಹದ ಮೆದು ಹಣ್ಣು ಬೇಗ ಬೇಯುತ್ತದೆ, ಜಾಮ್ ನುಣುಪಾಗಿ ಬರುತ್ತದೆ.

ಅಳತೆ ಹೀಗಿರಲಿ. ಸಿಪ್ಪೆ, ಬೀಜ ತೆಗೆದ ಪೇರ್ 1 ಕೆಜಿ, ಕಿತ್ತಳೆ 2 ಅಥವಾ ಹೇರಳೆಕಾಯಿ 1, ನಿಂಬೆಹಣ್ಣು 4, ಸಕ್ಕರೆ 700 ಗ್ರಾಂ, ನೀರು 2 ಲೋಟ.

ಹಿಂದಿನ ರಾತ್ರಿಯೇ ಶುರು ಮಾಡಿ. ಕಿತ್ತಳೆಯನ್ನು ಬಿಸಿ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಮೇಣ ಹಚ್ಚಿರಬಹುದು. ಸಿಪ್ಪೆಯ ಹೊರಪದರವನ್ನು ತೆಳ್ಳಗೆ ತೆಗೆದು ಸಣ್ಣ ಕಡ್ಡಿಗಳಂತೆ ಹೆಚ್ಚಿ. ಕಿತ್ತಳೆ, ನಿಂಬೆ ಎರಡರ ರಸ ಹಿಂಡಿ ಫ್ರಿಜ್‌ನಲ್ಲಿಡಿ. ಉಳಿದ ಬಿಳಿ ಭಾಗ, ಪೊರೆ, ಬೀಜ ಎಲ್ಲವನ್ನೂ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ. ಸಿಪ್ಪೆ ಕಡ್ಡಿ ಮತ್ತು ಗಂಟು ಎರಡನ್ನೂ ಅಳತೆಯ 2 ಲೋಟ ನೀರಿನಲ್ಲಿ ನೆನೆಹಾಕಿ.

ಬೆಳಿಗ್ಗೆ ಪೇರ್ ಹೆಚ್ಚಿದಾಗ ಬರುವ ಸಿಪ್ಪೆ, ನಡುವಿನ ದಿಂಡು ಇವನ್ನೂ ಗಂಟಿಗೆ ಸೇರಿಸಿಬಿಡಿ, ಅವುಗಳಲ್ಲೂ ಪೆಕ್ಟಿನ್ ಇದೆ. ನೆನೆಸಿದ್ದನ್ನೆಲ್ಲ ನೀರಿನ ಸಮೇತ ಕುಕ್ಕರ್‌ಗೆ ಹಾಕಿ 3 ವಿಷಲ್ ಕೂಗಿಸಿ. ಸಿಪ್ಪೆ ಬೆರಳ ನಡುವೆ ಹಿಸುಕಿದರೆ ಪುಡಿಯಾಗಬೇಕು. ಈ ಹಂತದಲ್ಲಿ ಅವಸರ ಬೇಡ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮತ್ತೆ ಮೆತ್ತಗಾಗುವುದಿಲ್ಲ, ಚರ್ಮದ ತುಂಡಿನಂತೆ ಉಳಿದುಬಿಡುತ್ತದೆ. ನಂತರ ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಸುರಿದು, ಪೇರ್ ಹೋಳು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಕೆಡುತ್ತದೆ. ಗಂಟು ಸ್ವಲ್ಪ ಆರಿದ ಮೇಲೆ ಪಾತ್ರೆಯ ಮೇಲೆ ಹಿಡಿದು ಬಲವಾಗಿ ಹಿಂಡಿ. ಕೊನೆಗೆ ಬರುವ ಮಂದ ಲೋಳೆ ಇದೆಯಲ್ಲ, ಇಷ್ಟೆಲ್ಲ ಮಾಡಿದ್ದು ಅದಕ್ಕೇ. ಜಾಮ್ ಸ್ವಲ್ಪ ಮಸುಕಾಗುತ್ತದೆ, ಆಗಲಿ ಬಿಡಿ.

ಈಗ ಫ್ರಿಜ್‌ನಲ್ಲಿಟ್ಟ ರಸ ಮತ್ತು ಸಕ್ಕರೆ ಹಾಕಿ. ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗಲಿ. ಆಮೇಲೆ ಉರಿ ಜೋರು ಮಾಡಿ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಕಷ್ಟಪಟ್ಟು ತೆಗೆದ ಪೆಕ್ಟಿನ್ನೇ ಒಡೆದುಹೋಗುತ್ತದೆ, ಬಣ್ಣವೂ ಕಂದಾಗುತ್ತದೆ. ಅಗಲದ ಪಾತ್ರೆ, ಜೋರು ಕುದಿ, ಕಡಿಮೆ ಸಮಯ. ಇದೇ ಕಾರಣಕ್ಕೆ ಒಂದೇ ಸಲಕ್ಕೆ 3 ಕೆಜಿ ಮಾಡಲು ಹೋಗಬೇಡಿ. ಕೆಲವು ಪೇರ್‌ಗಳು ಹುಳಿಯಲ್ಲಿ ಬೆಂದಾಗ ತಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಗಾಬರಿ ಬೇಡ, ಅದು ಹಣ್ಣಿನದೇ ಬಣ್ಣ.

ಇನ್ನು ಹದ. ತುಂಬ ಜನ ಎಡವುವುದು ಇಲ್ಲೇ. ವಿದೇಶದ ಪಾಕವಿಧಾನಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಬಂದಾಗ ಇಳಿಸಿ ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಸುಮಾರು 96, ಊಟಿಯಲ್ಲಿ 92–93. ಜಾಮ್ ಹದಕ್ಕೆ ಬರುವುದು ನಿಮ್ಮೂರಲ್ಲಿ ನೀರು ಕುದಿಯುವ ಬಿಸಿಗಿಂತ 4ರಿಂದ 5 ಡಿಗ್ರಿ ಮೇಲೆ. ಅಂದರೆ ಬೆಂಗಳೂರಿನಲ್ಲಿ 101–102ಕ್ಕೆ ಇಳಿಸಬೇಕು. 105 ಬರಲಿ ಅಂತ ಕಾದರೆ ಸಿಗುವುದು ಜಾಮ್ ಅಲ್ಲ, ಮಿಠಾಯಿ.

ಥರ್ಮಾಮೀಟರ್ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ನನಗಂತೂ ಇದೇ ಹೆಚ್ಚು ನಂಬಿಕೆ, ಇದಕ್ಕೆ ಊರಿನ ಎತ್ತರದ ಹಂಗಿಲ್ಲ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಹಾಕಿದ ಸಕ್ಕರೆ 700 ಗ್ರಾಂ, ಹಣ್ಣಿನೊಳಗಿನದು ಅಂದಾಜು 100 ಗ್ರಾಂ ಅಂದುಕೊಳ್ಳಿ. ಒಟ್ಟು 800 ಗ್ರಾಂ ಶೇಕಡಾ 65 ಆಗಬೇಕಾದರೆ ಜಾಮ್ ಸುಮಾರು 1,230 ಗ್ರಾಂಗೆ ಇಳಿಯಬೇಕು. ಪಾತ್ರೆಯ ತೂಕ ಕಳೆದು ಒಂದೂಕಾಲು ಕೆಜಿ ಹತ್ತಿರ ಬಂದಾಗ ಉರಿ ಆರಿಸಿ.

ಇನ್ನೂ ಅನುಮಾನ ಇದ್ದರೆ ತಟ್ಟೆ ಪರೀಕ್ಷೆ ಮಾಡಿ. ಫ್ರೀಜರ್‌ನಲ್ಲಿಟ್ಟ ಸ್ಟೀಲ್ ತಟ್ಟೆಗೆ ಅರ್ಧ ಚಮಚ ಜಾಮ್ ಹಾಕಿ ಒಂದು ನಿಮಿಷ ಬಿಡಿ. ಬೆರಳಿನಿಂದ ತಳ್ಳಿದಾಗ ಮೇಲೆ ಸುಕ್ಕು ಮೂಡಿದರೆ ಆಯಿತು. ಪರೀಕ್ಷೆ ಮಾಡುವಾಗ ಒಲೆ ಆರಿಸಿರಬೇಕು. ಆ ಒಂದು ನಿಮಿಷದಲ್ಲೇ ಹದ ಮೀರಬಹುದು.

ಇಳಿಸಿದ ತಕ್ಷಣ ಬಾಟಲಿಗೆ ತುಂಬಿದರೆ ಸಿಪ್ಪೆಯೆಲ್ಲ ಮೇಲೆ ತೇಲುತ್ತದೆ. 10 ನಿಮಿಷ ಬಿಟ್ಟು, ಒಮ್ಮೆ ಮೆಲ್ಲಗೆ ತಿರುಗಿಸಿ ತುಂಬಿ. ಕುದಿಸಿ ಒಣಗಿಸಿದ ಗಾಜಿನ ಬಾಟಲಿಯೂ ಬಿಸಿ ಇರಲಿ, ಇಲ್ಲದಿದ್ದರೆ ಸೀಳುತ್ತದೆ. ಆಮೇಲೆ ಅಲ್ಲಾಡಿಸದೆ ಬಿಡಿ. ಕಿತ್ತಳೆ ಸೇರಿದ ಜಾಮ್ ಪೂರ್ತಿ ಹೆಪ್ಪಾಗಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಎರಡು ದಿನವಾದರೂ ತೆಳ್ಳಗೇ ಇದ್ದರೆ ವಾಪಸ್ ಪಾತ್ರೆಗೆ ಸುರಿದು, ಇನ್ನೆರಡು ನಿಂಬೆಯ ರಸ, ನೆನೆಸಿದ ಬೀಜದ ಲೋಳೆ ಸೇರಿಸಿ ಕೆಲವು ನಿಮಿಷ ಜೋರಾಗಿ ಕುದಿಸಿ. ಅಂಟಂಟಾಗಿ ಹದ ಮೀರಿದ್ದಕ್ಕೆ ಮಾತ್ರ ಒಳ್ಳೆ ದಾರಿ ಇಲ್ಲ. ಬಿಸಿ ನೀರಲ್ಲಿ ಸಡಿಲ ಮಾಡಿ ಶರಬತ್ತಿಗೆ ಬಳಸಿ.

ಸಕ್ಕರೆ ಕಮ್ಮಿ ಮಾಡಬಹುದಾ ಅನ್ನುವುದು ಹೇಗಿದ್ದರೂ ಬರುವ ಮುಂದಿನ ಪ್ರಶ್ನೆ. 400 ಗ್ರಾಂ ಹಾಕಿದರೂ ತಿನ್ನಲು ರುಚಿಯಾಗಿಯೇ ಇರುತ್ತದೆ. ಆದರೆ ಮೆದುವಾಗಿ ಉಳಿಯುತ್ತದೆ, ಹೊರಗಿಟ್ಟರೆ ಬೂಸ್ಟು ಬರುತ್ತದೆ. ಚಿಕ್ಕ ಬಾಟಲಿ ಮಾಡಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಖಾಲಿ ಮಾಡಿ. ನಿಂಬೆ ರಸವನ್ನು ಮಾತ್ರ ಕಮ್ಮಿ ಮಾಡಬೇಡಿ, ಕೆಡದಂತೆ ತಡೆಯುವುದರಲ್ಲಿ ಅದರ ಪಾಲೂ ಇದೆ. ಬೆಲ್ಲ ಹಾಕಬಹುದು, ಆದರೆ ಪೇರ್‌ನ ನಾಜೂಕು ಘಮ ಬೆಲ್ಲದ ಮುಂದೆ ನಿಲ್ಲುವುದಿಲ್ಲ. ಏಲಕ್ಕಿಯೂ ಜಾಸ್ತಿ ಆದರೆ ಅದೇ ಕಥೆ. ಒಂದು ಇಂಚು ಶುಂಠಿ ಚೆನ್ನಾಗಿ ಹೊಂದುತ್ತದೆ.

ತೆರೆದ ಬಾಟಲಿ ಫ್ರಿಜ್‌ನಲ್ಲಿರಲಿ, ಚಮಚ ಒಣಗಿರಲಿ. ಮೇಲೆ ಬೂಸ್ಟು ಕಂಡರೆ ಅಷ್ಟನ್ನೇ ಕೆರೆದು ತೆಗೆದು ತಿನ್ನಬೇಡಿ, ಅದರ ಬೇರು ಕಣ್ಣಿಗೆ ಕಾಣದಷ್ಟು ಕೆಳಗೆ ಇಳಿದಿರುತ್ತದೆ. ಪೂರ್ತಿ ಬಾಟಲಿಯನ್ನೇ ಎಸೆಯಿರಿ.